ದೋಣಿಯ ಹೊದಿಕೆ ಮನೆಯಲ್ಲೇ ಹೊಲಿಯಲು ಯಾವ ಮಷೀನು, ಯಾವ ಬಟ್ಟೆ?

ಚನ್ನಗಿರಿ_ದೋಣಿ:
ಎಲ್ಲರಿಗೂ ನಮಸ್ಕಾರ. ಸೂಳೆಕೆರೆ ಹತ್ತಿರ ನಮ್ಮ ಮಾವನ 14 ಅಡಿಯ ಫೈಬರ್ ದೋಣಿ ಇದೆ, ವರ್ಷವಿಡೀ ಬಯಲಲ್ಲೇ ನಿಲ್ಲುತ್ತದೆ. ನೀಲಿ ಪ್ಲಾಸ್ಟಿಕ್ ಟಾರ್ಪಾಲ್ ಹಾಕಿದರೆ ಬೇಸಿಗೆ ಮುಗಿಯುವಷ್ಟರಲ್ಲಿ ಪುಡಿಪುಡಿ. ಈ ಸಲ ಪೂರ್ತಿ ಮುಚ್ಚುವ ಹೊದಿಕೆ, ಜೊತೆಗೆ ಪೈಪಿನ ಚೌಕಟ್ಟಿನ ಮೇಲೆ ನೆರಳಿಗೊಂದು ಚಾವಣಿ, ಎರಡನ್ನೂ ನಾನೇ ಹೊಲಿಯಬೇಕು ಅಂತ ಇದೆ. ಮನೆಯಲ್ಲಿ ಅಮ್ಮನ ಕಪ್ಪು ಉಷಾ ಕಾಲ್ಮಷೀನು ಇದೆ. ದಾವಣಗೆರೆಯಲ್ಲಿ ವಿಚಾರಿಸಿದರೆ ಅದರಲ್ಲಿ ಆಗಲ್ಲ, ದೊಡ್ಡ ಮೋಟಾರಿನ ಮಷೀನು ತಗೊಳ್ಳಿ ಅನ್ನುತ್ತಾರೆ. ನಿಜವೇ? ಬಟ್ಟೆ ಯಾವುದು ತರಲಿ?

ಹರಿಹರ_ಸೀಟ್‌ಕೆಲಸ:
ಮೋಟಾರು ದೊಡ್ಡದಾದರೆ ಸಾಲದು, ಬಟ್ಟೆ ಎಳೆಯುವ ರೀತಿ ಮುಖ್ಯ. ಮಾಮೂಲಿ ಮಷೀನಿನಲ್ಲಿ ಕೆಳಗಿನ ಹಲ್ಲು ಮಾತ್ರ ಬಟ್ಟೆಯನ್ನು ಮುಂದೆ ದೂಡುತ್ತದೆ, ಮೇಲಿನ ಪದರ ಹಿಂದೆ ಉಳಿಯುತ್ತಾ ಹೋಗುತ್ತದೆ, ಹತ್ತು ಅಡಿಯ ಹೊಲಿಗೆ ಮುಗಿಯುವಾಗ ಎರಡು ತುದಿ ಕೂಡುವುದೇ ಇಲ್ಲ. ವಾಕಿಂಗ್ ಫುಟ್ ಮಷೀನಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಮೇಲಿನ ಪಾದವೂ ಜೊತೆಗೇ ನಡೆಯುತ್ತದೆ. ಜೂಕಿ ಕಂಪನಿಯ 1541 ಥರದವು ಅಂಥವು. ಸೆಕೆಂಡ್ ಹ್ಯಾಂಡ್ ಸಿಕ್ಕರೂ ಒಮ್ಮೆಲೇ ಜೋರಾಗಿ ಓಡುವ ಕ್ಲಚ್ ಮೋಟಾರು ಬೇಡ, ವೇಗ ತಗ್ಗಿಸಿಕೊಳ್ಳಬಹುದಾದ ಸರ್ವೋ ಮೋಟಾರು ಹಾಕಿಸಿ. ದಪ್ಪ ಬಟ್ಟೆಗೆ ನಿಧಾನವಾಗಿ ಓಡುವುದೇ ಬೇಕು.

ಆದರೆ ಒಂದೇ ದೋಣಿಗಾಗಿ ಸುಮ್ನೆ ಅಷ್ಟು ಖರ್ಚು ಯಾಕೆ? ಕಪ್ಪು ಕಾಲ್ಮಷೀನಿನ ಚಕ್ರಕ್ಕೆ ತೂಕ ಇದೆ, ನಾಲ್ಕು ಪದರ ಆರಾಮಾಗಿ ಹೊಲಿಯುತ್ತದೆ. 18 ನಂಬರ್ ಸೂಜಿ ಹಾಕಿ, ಹೊಲಿಗೆಯನ್ನು ಎಷ್ಟು ಉದ್ದ ಬರುತ್ತದೋ ಅಷ್ಟು ಉದ್ದ ಇಡಿ. ಹತ್ತಿರ ಹತ್ತಿರ ಹೊಲಿದರೆ ತೂತು ಜಾಸ್ತಿಯಾಗಿ ಬಟ್ಟೆ ಅದೇ ಸಾಲಿನಲ್ಲಿ ಹರಿಯುತ್ತದೆ. ಪದರ ಜಾರದಂತೆ ಎರಡೂ ಬದಿ ಅಂಟುವ ಸಣ್ಣ ಟೇಪು ಹಾಕಿ, ಸೂಜಿ ಮಾತ್ರ ಟೇಪಿನ ಪಕ್ಕದಲ್ಲಿ ಓಡಲಿ, ಇಲ್ಲದಿದ್ದರೆ ಗೋಂದು ಹತ್ತಿ ಹೊಲಿಗೆ ತಪ್ಪುತ್ತದೆ.

ಕಷ್ಟ ಬರುವುದು ಮೂಲೆಯಲ್ಲಿ. ಮಡಿಸಿ ಹೊಲಿದ ಜೋಡಣೆಯಲ್ಲೇ ನಾಲ್ಕು ಪದರ, ಅದರ ಮೇಲೆ ಅಂಚನ್ನು ಎರಡು ಸಲ ಮಡಚಿದರೆ ಹನ್ನೆರಡು! ಅಲ್ಲಿ ಮೊದಲು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ, ಪಾದದ ಹಿಂದೆ ಮಡಚಿದ ಬಟ್ಟೆ ತುಂಡು ಇಟ್ಟು ಮಟ್ಟ ಮಾಡಿಕೊಂಡು ಚಕ್ರವನ್ನು ಕೈಯಲ್ಲೇ ತಿರುಗಿಸಿ. ತುಳಿಯಲೇಬೇಡಿ.

ದಾರದಲ್ಲಿ ಮಾತ್ರ ಉಳಿಸಲು ಹೋಗಬೇಡಿ, ಎಷ್ಟೋ ಹೊದಿಕೆಗಳಲ್ಲಿ ಬಟ್ಟೆ ಗಟ್ಟಿಯಾಗಿರುವಾಗಲೇ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಅಂಗಡಿಯವರು ನೈಲಾನ್ ಗಟ್ಟಿ ಅಂತ ಕೊಡುತ್ತಾರೆ, ಗಟ್ಟಿಯೇನೋ ಹೌದು, ಬಿಸಿಲಿಗೆ ಬೇಗ ಸೊರಗುತ್ತದೆ. ಬಿಸಿಲು ತಡೆಯುವ ಬಾಂಡೆಡ್ (ಎಳೆ ಬಿಚ್ಚದಂತೆ ಲೇಪ ಕೊಟ್ಟ) ಪಾಲಿಯೆಸ್ಟರ್ ದಾರ ಕೇಳಿ. ನಿಮ್ಮ ಮಷೀನಿಗೆ ವಿ-69 ದಪ್ಪ ಸಾಕು. ಅದಕ್ಕಿಂತ ದಪ್ಪದ ವಿ-92 ವಾಕಿಂಗ್ ಫುಟ್‌ನವರಿಗೆ ಸರಿ.

ಹಳೇಪೇಟೆ_ಕ್ಯಾನ್ವಾಸ್:
ಬಟ್ಟೆಗೆ ನನ್ನ ಮತ ಹತ್ತಿ ಕ್ಯಾನ್ವಾಸ್. ಒದ್ದೆಯಾದಾಗ ನೂಲು ಊದಿ ಸೂಜಿ ತೂತು ತಾನೇ ಮುಚ್ಚಿಕೊಳ್ಳುತ್ತದೆ. ಹತ್ತಿ ಮಿಲ್ಲುಗಳಿದ್ದ ಊರು ನಮ್ಮದು, ಈ ಗುಣ ಇಲ್ಲಿನ ಹಿರಿಯರಿಗೆ ಗೊತ್ತು.

ಹರಿಹರ_ಸೀಟ್‌ಕೆಲಸ:
ಗುಣ ನಿಜ ಸರ್, ಆದರೆ ಮಳೆಗಾಲ ಪೂರ್ತಿ ಒದ್ದೆ ಇದ್ದರೆ ಬೂಷ್ಟು ಹಿಡಿದು ಕೊಳೆಯುತ್ತದೆ. ಸನ್‌ಬ್ರೆಲ್ಲಾ ಬ್ರಾಂಡಿನಂಥ ಕೃತಕ ನೂಲಿನ ಅಕ್ರಿಲಿಕ್‌ನಲ್ಲಿ ಬಣ್ಣವನ್ನು ನೂಲು ಮಾಡುವ ಮೊದಲೇ ಸೇರಿಸಿರುತ್ತಾರೆ, ಹಾಗಾಗಿ ಬೇಗ ಮಾಸಲ್ಲ, ಗಾಳಿಯೂ ಆಡುತ್ತದೆ. ಬೆಲೆ ಜಾಸ್ತಿ, ಆದರೂ ಚಾವಣಿಗೆ ಅದನ್ನೇ ಹಾಕಿ.

ಚನ್ನಗಿರಿ_ದೋಣಿ:
ಹಾಗಾದರೆ ಪೂರ್ತಿ ಹೊದಿಕೆಗೆ ಲಾರಿಗೆ ಹಾಕುವ ಪಿವಿಸಿ ಟಾರ್ಪಾಲ್ ನಡೆಯುತ್ತದಾ? ಅದು ಇಲ್ಲೇ ಸಿಗುತ್ತದೆ.

ದುರ್ಗದ_ಗಾಳಿ:
ನಡೆಯುತ್ತದೆ, ಆದರೆ ಅದನ್ನು ಹೊಲಿಯಬೇಡಿ. ಪಿವಿಸಿಯಲ್ಲಿ ತೂತು ಬಿದ್ದರೆ ಬಿತ್ತು, ಗುಂಡುಸೂಜಿ ಚುಚ್ಚಿದರೂ ಅದು ಹಾಗೇ ಉಳಿಯುತ್ತದೆ. ಬಿಸಿಗಾಳಿ ಗನ್ ಇಟ್ಟುಕೊಂಡಿರುವ ಟಾರ್ಪಾಲ್ ಕೆಲಸದವರ ಹತ್ತಿರ ಜೋಡಣೆಗಳನ್ನು ಕರಗಿಸಿ ಅಂಟಿಸಿಕೊಳ್ಳಿ. ಮಷೀನು ಬೇಕಾಗುವುದು ಪಟ್ಟಿ, ಕುಣಿಕೆಗಳಿಗೆ ಅಷ್ಟೇ. ಒಳಗೆ ಬೆವರು ಕಟ್ಟದಂತೆ ಗಾಳಿಗೆ ಎರಡು ಕಿಂಡಿ ಬಿಡಿ, ನಡುವೆ ಒಂದು ಗಳ ನಿಲ್ಲಿಸಿ ಇಳಿಜಾರು ಮಾಡಿ. ಮಟ್ಟಸವಾಗಿ ಎಳೆದು ಕಟ್ಟಿದರೆ ಮಳೆ ನೀರು ನಿಂತು ಆ ಭಾರಕ್ಕೇ ಜೋತು ಬೀಳುತ್ತದೆ.

ಗಾಳಿಯನ್ನು ಯಾರೂ ಹೇಳಲಿಲ್ಲ. ನಮ್ಮ ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಸುಮ್ನೆ ಗಾಳಿಯಂತ್ರ ನಿಲ್ಲಿಸಿದ್ದಾರಾ? ಆಷಾಢದಲ್ಲಿ ಸೂಳೆಕೆರೆ ಬಯಲಲ್ಲೂ ಗಾಳಿ ಬೀಸುತ್ತದೆ ಅಲ್ವಾ. ಒಂದು ಪದರದ ಬಟ್ಟೆಗೆ ಐಲೆಟ್ (ಹಗ್ಗ ಪೋಣಿಸುವ ತೂತಿನ ಲೋಹದ ಬಳೆ) ಹೊಡೆದರೆ ಕಿತ್ತುಕೊಂಡು ಬರುತ್ತದೆ. ಮೂಲೆಗೆ ಎರಡು ಪದರ ತೇಪೆ ಹಾಕಿ, ತೇಪೆಯ ತುದಿ ದುಂಡಗಿರಲಿ, ಎಳೆತವನ್ನು ಪಾಲಿಯೆಸ್ಟರ್ ಪಟ್ಟಿ ತಡೆದುಕೊಳ್ಳಲಿ. ಐಲೆಟ್ ಹಿತ್ತಾಳೆಯದು, ಜಿಪ್ಪು ದಪ್ಪ ಪ್ಲಾಸ್ಟಿಕ್ ಹಲ್ಲಿನದು. ಬಟ್ಟೆ ಕತ್ತರಿಸುವ ಮೊದಲು ದೋಣಿ ಮೇಲೆ ಹಳೇ ಪ್ಲಾಸ್ಟಿಕ್ ಹಾಳೆ ಎಳೆದು ಕಟ್ಟಿ ಅಳತೆ ಗುರುತು ಮಾಡಿಕೊಳ್ಳಿ, ಆ ಫೋಟೋ ಇಲ್ಲಿ ಹಾಕಿದರೆ ಜೋಡಣೆ ಎಲ್ಲಿ ಬರಬೇಕು ಅಂತ ಹೇಳುತ್ತೇನೆ.