ದೋಹಾದಲ್ಲಿ 13 ಗಂಟೆ: ಹೊರಗೆ ಹೋಗೋದಾ, ಒಳಗೇ ಕೂರೋದಾ?

ಬಾಣಂತನಕ್ಕೆ ಹೊರಟವನು:
ಜುಲೈನಲ್ಲಿ ಅಪ್ಪ, ಅಮ್ಮನನ್ನು ಕರೆದುಕೊಂಡು ಅಮೆರಿಕಕ್ಕೆ ಹೊರಟಿದ್ದೇನೆ, ಅಕ್ಕನ ಬಾಣಂತನಕ್ಕೆ. ದೋಹಾದಲ್ಲಿ ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ಕಾಯಬೇಕು. ಶುಕ್ರವಾರ. ಅಪ್ಪನಿಗೆ 68, ಬಿಪಿ ಇದೆ. ಅಮ್ಮನಿಗೆ ಮಂಡಿ ನೋವು. ಅಪ್ಪನಿಗೆ ಒಮ್ಮೆ ಮರುಭೂಮಿ ನೋಡಬೇಕಂತೆ. ಹೋಗಿಬಂದವರು ಹೇಳಿ, ಹೊರಗೆ ಹೋಗಬಹುದಾ?

ತಿಪಟೂರು ಕೊಬ್ಬರಿ:
ಹೋಗಲೇಬೇಕು ಸರ್, ಯೋಚನೆನೇ ಮಾಡಬೇಡಿ. ನಾವು ಡಿಸೆಂಬರಿನಲ್ಲಿ ಹೋಗಿದ್ದೆವು. ಖೋರ್ ಅಲ್ ಉದೈದ್ ಅಂತ, ಸಮುದ್ರ ಮರಳಿನೊಳಗೆ ನುಗ್ಗಿ ಬಂದಿರುವ ಜಾಗ. ಅಲ್ಲಿಗೆ ರಸ್ತೆ ಇಲ್ಲ, ಫೋರ್ ವೀಲ್ ಡ್ರೈವ್ ಗಾಡಿನೇ ಬೇಕು. ಡಾಂಬರು ಮುಗಿಯುವ ಕಡೆ ಡ್ರೈವರ್ ಇಳಿದು ನಾಲ್ಕೂ ಟೈರಿನ ಗಾಳಿ ಬಿಟ್ಟ. ಪಂಕ್ಚರ್ ಅಂದುಕೊಂಡು ನಮ್ಮನೆಯವಳು ದೇವರ ನಾಮ ಶುರು ಮಾಡಿದಳು. ಗಾಳಿ ಕಮ್ಮಿ ಇದ್ದರೆ ಟೈರು ಅಗಲ ಆಗಿ ಮರಳಿನಲ್ಲಿ ಹೂಳಲ್ಲವಂತೆ. ನೀರಿನ ಆಚೆ ದಡ ಸೌದಿ! ಗಾಡಿಗೆ 600 ರಿಯಾಲ್, ಆವತ್ತಿನ ಲೆಕ್ಕದಲ್ಲಿ ಹದಿನಾಲ್ಕು ಸಾವಿರದ ಹತ್ತಿರ. ಅವನು ಮೊದಲು 850 ಹೇಳಿದ್ದ, ನಾನು ಇಳಿಸಿದೆ. ವಾಪಸ್ ಬಂದಾಗ ಟೈರಿಗೆ ಗಾಳಿ ತುಂಬಿಸಲು 20 ಕೇಳಿದ, ಕೊಡಲಿಲ್ಲ.

ಜಯನಗರ ನಾಲ್ಕನೇ ಬ್ಲಾಕ್:
ಡಿಸೆಂಬರಿನಲ್ಲಿ ಯಾರು ಬೇಕಾದರೂ ಹೋಗ್ತಾರೆ ಸ್ವಾಮಿ. ಅವರು ಕೇಳ್ತಿರೋದು ಜುಲೈ. ನಾನು ಜುಲೈನಲ್ಲೇ ಅತ್ತೆಯವರ ಜೊತೆ ಹೋಗಿ ಅನುಭವಿಸಿದ್ದೇನೆ. ಇಮಿಗ್ರೇಷನ್‌ನಲ್ಲಿ ಹೋಟೆಲ್ ಬುಕಿಂಗ್ ತೋರಿಸಿ ಅಂದರು. ಇರಲಿಲ್ಲ. ಅಲ್ಲೇ ನಿಂತು ಮೊಬೈಲಿನಲ್ಲಿ ಬುಕ್ ಮಾಡಿದೆ, 5,860 ರೂಪಾಯಿ, ಆ ರೂಮಿನ ಬಾಗಿಲು ಕೂಡ ನಾವು ನೋಡಲಿಲ್ಲ. ಸರತಿ ಒಂದು ಗಂಟೆ ಹತ್ತು ನಿಮಿಷ. ಹೊರಗೆ ಕಾಲಿಟ್ಟರೆ ಇಡ್ಲಿ ಪಾತ್ರೆ ಮುಚ್ಚಳ ತೆಗೆದ ಹಾಗೆ ಹಬೆ. ಕನ್ನಡಕ ಮಂಜಾಗಿ ಏನೂ ಕಾಣಲಿಲ್ಲ. ಅತ್ತೆಯವರ ಬಿಪಿ ಮಾತ್ರೆ ಚೆಕ್‌ಇನ್ ಸೂಟ್‌ಕೇಸಿನಲ್ಲಿ, ಅದು ನೇರ ಷಿಕಾಗೋಗೆ ಟ್ಯಾಗ್ ಆಗಿತ್ತು. ಅಂಗಡಿಯಲ್ಲಿ ಬೇರೆ ಹೆಸರಿನ ಮಾತ್ರೆ ಕೊಟ್ಟರು, ಅವರು ನುಂಗಲು ಒಪ್ಪಲಿಲ್ಲ. ಈಗಲೂ ಮನೆಗೆ ಯಾರಾದರೂ ಬಂದರೆ ಇದನ್ನೇ ಮೊದಲು ಹೇಳೋದು.

ಕುಡ್ಲದವ ದೋಹಾದಲ್ಲಿ:
ಹದಿನಾರು ವರ್ಷದಿಂದ ಇಲ್ಲೇ ಇದ್ದೇನೆ ಮಾರಾಯ್ರೆ. ನೀವು ಮಾತ್ರೆ ಸೂಟ್‌ಕೇಸಿಗೆ ಹಾಕಿದರೆ ದೋಹಾ ಏನು ಮಾಡಬೇಕು? 2019ರಿಂದ ಏರ್‌ಪೋರ್ಟ್ ಒಳಗಿಂದಲೇ ಮೆಟ್ರೋ ಇದೆ, ಒಂದು ಸಲಕ್ಕೆ 2 ರಿಯಾಲ್. ಮುಶೈರಿಬ್‌ನಲ್ಲಿ ಇಳಿದು ಗೋಲ್ಡ್ ಲೈನ್ ಹತ್ತಿದರೆ ಮುಂದಿನ ಸ್ಟೇಷನ್ನೇ ಸೂಕ್ ವಾಕಿಫ್, ಇಲ್ಲಿನ ಹಳೇ ಮಾರುಕಟ್ಟೆ. ಅಲ್ಲಿ ಗಿಡುಗದ ಅಂಗಡಿಗಳಿವೆ. ಕಣ್ಣಿಗೆ ಚರ್ಮದ ಟೋಪಿ ಹಾಕಿಕೊಂಡು ಸಾಲಾಗಿ ಕೂತಿರುತ್ತವೆ, ನೀವು ಹತ್ತಿರ ಹೋದರೆ ಕತ್ತು ಮಾತ್ರ ತಿರುಗುತ್ತದೆ. ಪಕ್ಕದಲ್ಲೇ ಗಿಡುಗಗಳಿಗೆ ಆಸ್ಪತ್ರೆ. ಇದನ್ನೆಲ್ಲ ಬಿಟ್ಟು ಜನ ಬರೀ ಸೆಕೆ, ಸೆಕೆ ಅಂತ ಬರೆಯುತ್ತಾರೆ. ಮಂಗಳೂರಿನಲ್ಲಿ ಸೆಕೆ ಇಲ್ವಾ?

ಜಯನಗರ ನಾಲ್ಕನೇ ಬ್ಲಾಕ್:
ಶುಕ್ರವಾರ ಬೆಳಿಗ್ಗೆ ಸೂಕ್ ಅಂಗಡಿಗಳು ಮುಚ್ಚಿರುತ್ತವೆ. ಮೆಟ್ರೋನೂ ಆವತ್ತು ತಡವಾಗಿ ಶುರು. ಹದಿನಾರು ವರ್ಷ ಇದ್ದವರು ಅದನ್ನು ಹೇಳಬೇಕಿತ್ತು ಅಲ್ವಾ?

ಕುಡ್ಲದವ ದೋಹಾದಲ್ಲಿ:
ಮಧ್ಯಾಹ್ನದ ನಮಾಜ್ ಆದ ಮೇಲೆ ತೆರೆಯುತ್ತಾರೆ. ಅಷ್ಟರವರೆಗೆ ಕರಕ್ ಚಹಾ ಕುಡಿಯಿರಿ. ಎಲ್ಲದಕ್ಕೂ ಅಡ್ಡ ಮಾತಾಡಿದರೆ ಹೇಗೆ?

ಗಿರ್ಮಿಟ್ ಹುಬ್ಬಳ್ಳಿ:
ಕರಕ್ ಅಂದ್ರೆ ನಮ್ಮ ಏಲಕ್ಕಿ ಚಾನೇ ರೀ, ಸಕ್ಕರಿ ಜಾಸ್ತಿ. ಅದಕ್ಕ ಯಾಕ ಹೊರಗ ಹೋಗ್ಬೇಕು? ನಾನು 11 ತಾಸು ಒಳಗೇ ಇದ್ದೆ, ಆರಾಮ ಇತ್ತು. ನಡುವೆ ಹಳದಿ ಕರಡಿ ಇದೆ, ಏಳು ಮೀಟರ್ ಎತ್ತರ, ತಲೆ ಮೇಲೆ ಲ್ಯಾಂಪ್. ಮೆತ್ತಗಿನ ಗೊಂಬೆ ಥರ ಕಾಣ್ತದ, ಆದರ ಪೂರ್ತಿ ಕಂಚು. 2011ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 68 ಲಕ್ಷ ಡಾಲರ್ ಕೊಟ್ಟು ತಂದದ್ದು. ಅಷ್ಟು ರೊಕ್ಕದಾಗ ನಮ್ಮ ಓಣಿ ರಸ್ತೆ ಎಷ್ಟು ಸಲ ಮಾಡಬಹುದಿತ್ತು ಅಂತ ಕೂತು ಲೆಕ್ಕ ಹಾಕಿದೆ. ದುಡ್ಡು ಕೊಟ್ಟರೆ 25 ಮೀಟರ್ ಈಜುಕೊಳ ಕೂಡ ಇದೆ. ಕಾಲು ಚಾಚಿ ಮಲಗೋಕೆ ಕ್ವೈಟ್ ರೂಮ್ ಪುಕ್ಕಟೆ, ಹೆಂಗಸರಿಗೆ ಬ್ಯಾರೆ. ನನ್ನ ಪಕ್ಕದವನ ಗೊರಕೆ ಒಂದು ಬಿಟ್ಟರೆ ಚಲೋ ನಿದ್ದಿ. ಖರ್ಚು ಒಟ್ಟು 38 ರಿಯಾಲ್, ಬಿಲ್ ಇನ್ನೂ ಇಟ್ಟೀನಿ.

ತಿಪಟೂರು ಕೊಬ್ಬರಿ:
ದೋಹಾಗೆ ಹೋಗಿ ಗೊಂಬೆ ನೋಡಿ ಬಂದ್ರಾ. ಭೇಷ್.

ಗಿರ್ಮಿಟ್ ಹುಬ್ಬಳ್ಳಿ:
ನೀವು 14 ಸಾವಿರ ಕೊಟ್ಟು ಉಸುಕು ನೋಡಿ ಬಂದ್ರಲ್ಲ, ನಿಮಗೂ ಭೇಷ್.

ಹಾಸನದ ಅತ್ತಿಗೆ:
ಎಲ್ಲ ಬಿಟ್ಟು ಒಂದು ಮಾತು ಕೇಳಿ. ಬಾಣಂತನ ಅಂದಿರಿ. ಅಮ್ಮನ ಬ್ಯಾಗಿನಲ್ಲಿ ಗಸಗಸೆ ಇದೆಯಾ ನೋಡಿ. ಯುಎಇ, ಸೌದಿ ಕಡೆ ಗಸಗಸೆ ಮಾದಕ ವಸ್ತುವಿನ ಲೆಕ್ಕ, ನಿಷೇಧ. ಗಲ್ಫಿನಲ್ಲಿ ಎಲ್ಲೇ ಹೊರಗೆ ಹೋದರೂ ಬ್ಯಾಗ್ ಸ್ಕ್ಯಾನ್ ಮಾಡ್ತಾರೆ. ದುಬೈನಲ್ಲಿ ನಮ್ಮ ಚಿಕ್ಕಮ್ಮನನ್ನು ಮೂರು ಗಂಟೆ ಕೂರಿಸಿದ್ದರು. ಅಂಟಿನುಂಡೆಗೆ ಅಂತ ತಂದಿದ್ದ ಒಂದು ಹಿಡಿ, ಪ್ಲಾಸ್ಟಿಕ್ ಕವರಿಗೆ ರಬ್ಬರ್ ಬ್ಯಾಂಡ್ ಸುತ್ತಿದ್ದು. ಅವರಿಗೆ ಇಂಗ್ಲಿಷ್ ಬರಲ್ಲ, "ಪಾಯಸ, ಪಾಯಸ" ಅಂತ ಅಳ್ತಾ ಕೂತಿದ್ದರಂತೆ. ಪುಣ್ಯಕ್ಕೆ ಕಿತ್ತುಕೊಂಡು ಬಿಟ್ಟರು.

ಜಯನಗರ ನಾಲ್ಕನೇ ಬ್ಲಾಕ್:
ಅಂಟಿನುಂಡೆಗೆ ಗಸಗಸೆ ಯಾರು ಹಾಕ್ತಾರೆ?

ಹಾಸನದ ಅತ್ತಿಗೆ:
ಎಲ್ಲರೂ ಹಾಕ್ತಾರೆ. ಕೊಬ್ಬರಿ, ಖರ್ಜೂರ, ಅಂಟು, ಗಸಗಸೆ. ನಿಮ್ಮ ಜಯನಗರದಲ್ಲಿ ಅಂಗಡಿಯಿಂದ ತಂದು ತಿಂತೀರಿ, ಗೊತ್ತಾಗಲ್ಲ.

ತಿಪಟೂರು ಕೊಬ್ಬರಿ:
ಕೊಬ್ಬರಿ ಹಾಕೋದೇ ಮುಖ್ಯ. ಗಸಗಸೆ ಇಲ್ಲದಿದ್ದರೂ ನಡೆಯುತ್ತದೆ.

ಕುಡ್ಲದವ ದೋಹಾದಲ್ಲಿ:
ಚಿಕ್ಕಮ್ಮ ಸಿಕ್ಕಿಬಿದ್ದದ್ದು ದುಬೈನಲ್ಲಿ. ಅದನ್ನೂ ದೋಹಾದ ತಲೆಗೆ ಕಟ್ಟಬೇಡಿ.

ಹಾಸನದ ಅತ್ತಿಗೆ:
ಸರಿ ತಮ್ಮ, ಹಾಗಾದರೆ ನೀನೇ ಒಂದು ಹಿಡಿ ಜೇಬಿನಲ್ಲಿ ಇಟ್ಟುಕೊಂಡು ದೋಹಾ ಕಸ್ಟಮ್ಸ್ ದಾಟಿ ತೋರಿಸು.

ಗಿರ್ಮಿಟ್ ಹುಬ್ಬಳ್ಳಿ:
ಅದಕ್ಕ ಹೇಳೋದು, ಒಳಗೇ ಕೂಡ್ರಿ ಅಂತ.

ಬಾಣಂತನಕ್ಕೆ ಹೊರಟವನು:
ಈಗ ಅಮ್ಮನ ಬ್ಯಾಗ್ ಬಿಚ್ಚಿಸಿದೆ. ಅರ್ಧ ಕೇಜಿ ಇದೆ. ಮೆಣಸಿನಪುಡಿ ಡಬ್ಬಿಯ ಕೆಳಗೆ, ಸೀರೆಯಲ್ಲಿ ಸುತ್ತಿ ಇಟ್ಟಿದ್ದಾರೆ. ತೆಗೆಯಿರಿ ಅಂದರೆ ಕೋಪ ಮಾಡಿಕೊಂಡು ದೇವರ ಮನೆಗೆ ಹೋಗಿ ಕೂತಿದ್ದಾರೆ. ಅಪ್ಪ ಮಾತ್ರ ಆ ಟೈರಿನ ಗಾಳಿ ಬಿಡುವ ವಿಷಯವನ್ನು ಎರಡು ಸಲ ಓದಿಸಿಕೊಂಡರು. ಜುಲೈನಲ್ಲಿ ಸಂಜೆ 4ರ ಮೇಲೆ ಹೊರಟರೆ 7ರ ವಿಮಾನ ಸಿಗಲ್ಲ ಅಲ್ವಾ?

ತಿಪಟೂರು ಕೊಬ್ಬರಿ:
ಬೆಳಿಗ್ಗೆ ಇಳಿದ ತಕ್ಷಣ ಹೊರಟುಬಿಡಿ ಸರ್. 600ಕ್ಕೆ ಒಂದು ರಿಯಾಲೂ ಜಾಸ್ತಿ ಕೊಡಬೇಡಿ.