ಮಾತ್ರೆ ನುಂಗದವರನ್ನು ಲೆಕ್ಕದಿಂದ ಬಿಡಬಹುದಾ?

ಕಾರವಾರ_ಪಿಜಿ: ಬೈತಖೋಲ ಮತ್ತು ಬೇಲೆಕೇರಿ ಬಂದರಿನ ಟ್ರಾಲ್ ಬೋಟ್ ಕೆಲಸಗಾರರಲ್ಲಿ ಬಿ.ಪಿ. ಟ್ರಯಲ್. ಪ್ರತಿ ಬಂದರಿನ ಕೆಲಸಗಾರರನ್ನು ಅಲ್ಲಲ್ಲೇ ಚೀಟಿ ಎತ್ತಿದ ಹಾಗೆ ಹಂಚಿ, ಅಂದರೆ ರ‍್ಯಾಂಡಮೈಸ್ ಮಾಡಿ ಒಂದು ಗುಂಪಿಗೆ ಹೊಸ ಜೋಡಿ ಮಾತ್ರೆ, ಇನ್ನೊಂದಕ್ಕೆ ಈಗಿನ ಚಿಕಿತ್ಸೆ. ನೋಡೋದು 12ನೇ ವಾರದ ಬಿ.ಪಿ. ಬೋಟಿಗೆ ಹೋದವರು ಮಾತ್ರೆ ಬಿಟ್ಟಿದ್ದಾರೆ. ಕೊಟ್ಟ ಮಾತ್ರೆಯಲ್ಲಿ 80% ಆದರೂ ನುಂಗದವರನ್ನು ಕೈಬಿಟ್ಟು ಟಿ-ಟೆಸ್ಟ್ (ಎರಡು ಗುಂಪಿನ ಸರಾಸರಿ ಹೋಲಿಕೆ) ಮಾಡು ಅಂತಾರೆ ಗೈಡ್. ಸರಿನಾ?

ಅಘನಾಶಿನಿ: ಬೇಡ ಮಾರಾಯ್ರೆ. ರ‍್ಯಾಂಡಮೈಸ್ ಮಾಡಿದ್ದೇ ದಂಡ ಆಗ್ತದೆ. ತಪ್ಪದೆ ನುಂಗುವವರು ಕುಡಿತ, ಉಪ್ಪು, ನಿದ್ದೆ ಎಲ್ಲದರಲ್ಲೂ ಬೇರೆ ಥರದವರು. 1980ರಲ್ಲಿ ಪ್ರಕಟವಾದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಅನ್ನೋ ಹೃದಯಾಘಾತ ಆದವರ ಟ್ರಯಲ್ಲಿನ ಅಂಕಿ ಗೈಡಿಗೆ ತೋರಿಸಿ. ರಕ್ತದ ಕೊಬ್ಬು ಇಳಿಸೋ ಮದ್ದು ಕ್ಲೋಫೈಬ್ರೇಟನ್ನು 80%ಗಿಂತ ಕಮ್ಮಿ ನುಂಗಿದವರಲ್ಲಿ ಐದು ವರ್ಷದ ಸಾವು 24.6%, ಸರಿಯಾಗಿ ನುಂಗಿದವರಲ್ಲಿ 15.0%. ಮದ್ದು ಭಾರೀ ಅನ್ನಿಸ್ತದೆ, ಅಲ್ವಾ? ಮದ್ದೇ ಇಲ್ಲದ ತೋರಿಕೆ ಮಾತ್ರೆ ಪ್ಲಸೀಬೊದಲ್ಲೂ ಅದೇ ಕ್ರಮದಲ್ಲಿ 28.2% ಮತ್ತು 15.1%! ನಲವತ್ತು ಬೇಸ್‌ಲೈನ್ ಅಂಶ (ಟ್ರಯಲ್ ಶುರುವಿನಲ್ಲೇ ಇದ್ದವು) ಸರಿದೂಗಿಸಿದ ಮೇಲೂ ಪ್ಲಸೀಬೊದಲ್ಲಿ ಅಂತರ ಉಳೀತು: 25.8%, 16.4%. ಹಾಗಾಗಿ ಮುಖ್ಯ ಫಲಿತಾಂಶಕ್ಕೆ ಯಾರು ಯಾವ ಗುಂಪಿಗೆ ಬಿದ್ದರೋ ಅದೇ ಗುಂಪಲ್ಲಿ ಎಣಿಸಿ, ನುಂಗಲಿ ಬಿಡಲಿ.

ಶಿರಸಿ_ಸ್ಟಾಟ್ಸ್: ನುಂಗಿದವರಿಗೆ ಎಷ್ಟು ಇಳೀತು ಅಂತ ಬೇಕೇ ಬೇಕಾದರೆ ದಾರಿ ಇದೆ. ಉದಾಹರಣೆಗೆ ಗುಂಪುಗಳ ಅಂತರ 4 ಮಿ.ಮೀ., ಹೊಸ ಮಾತ್ರೆ ಶುರು ಮಾಡಿದವರು 80%, ಇನ್ನೊಂದು ಗುಂಪಲ್ಲಿ ಯಾರಿಗೂ ಅದು ಸಿಕ್ಕಿಲ್ಲ, ಶುರುವೇ ಮಾಡದ 20%ರಲ್ಲಿ ಪರಿಣಾಮ ಸೊನ್ನೆ: 4 ÷ 0.8 = 5 ಮಿ.ಮೀ. ಸ್ಟ್ಯಾಂಡರ್ಡ್ ಎರರ್ (ಅಂದಾಜಿನ ಅನಿಶ್ಚಿತತೆ) ಕೂಡ ಹೆಚ್ಚುಕಮ್ಮಿ ಅಷ್ಟೇ ಪಟ್ಟು ಹಿಗ್ಗುತ್ತದೆ, ಪಿ-ವ್ಯಾಲ್ಯೂ (ಮದ್ದಿನ ಪರಿಣಾಮ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ಅಂತರ ಬರೋ ಸಂಭವ) ಸುಧಾರಿಸೋದಿಲ್ಲ. 'ನುಂಗಿದವರು' ಅಂದರೆ 80% ಗೆರೆ ದಾಟಿದವರು ಅಂತ ಇಟ್ಟರೆ ಕೆಡ್ತದೆ. 60% ನುಂಗಿದವನಿಗೂ ಬಿ.ಪಿ. ಇಳಿದಿರ್ತದೆ, ಆ ಇಳಿಕೆಯೂ ಗೆರೆ ದಾಟಿದವರ ಖಾತೆಗೆ ಹೋಗಿ ಪರಿಣಾಮ ಉಬ್ಬುತ್ತದೆ. ಒಂದೇ ಗುಂಪಿಗೆ ನೆನಪಿನ ಫೋನ್ ಮಾಡಿದ್ದರೂ ಈ ಭಾಗಾಕಾರ ನಂಬಬೇಡಿ. ಫೋನಿನಿಂದಲೇ ಉಪ್ಪು ಕಮ್ಮಿ ಮಾಡಿರಬಹುದು.

ಬರೀ ಟಿ-ಟೆಸ್ಟ್ ತಪ್ಪಲ್ಲ, ಆದರೆ ಇರೋ ಮಾಹಿತಿ ದಂಡ ಆಗ್ತದೆ. 12ನೇ ವಾರದ ಬಿ.ಪಿ.ಯನ್ನು ಗುಂಪು, ಆರಂಭದ ಬಿ.ಪಿ., ಬಂದರು ಮೂರರ ಮೇಲೆ ರಿಗ್ರೆಷನ್ (ಮೂರರ ಪ್ರಭಾವ ಒಟ್ಟಿಗೆ ಅಂದಾಜಿಸೋ ಲೆಕ್ಕ) ಮಾಡಿ. ಎರಡು ಬಿ.ಪಿ.ಗಳ ಸಹಸಂಬಂಧ 0.6 ಇದ್ದು, ಎರಡೂ ಸಲದ ಏರಿಳಿತ ಒಂದೇ ಇದ್ದರೆ ವೇರಿಯನ್ಸ್ (ಅಂದಾಜು ಎಷ್ಟು ಅತ್ತಿತ್ತ ಆಗ್ತದೆ ಅನ್ನೋ ಅಳತೆ) 36% ಇಳೀತದೆ. 'ಎಷ್ಟು ಇಳೀತು' ಅಂತ ಕಳೆದು ನೋಡಿದರೆ 20% ಮಾತ್ರ. ಆರನೇ ವಾರದ ತೂಕ, ಮಾತ್ರೆ ಎಣಿಕೆ ಇವನ್ನು ಮಾಡೆಲಿಗೆ ಹಾಕಬೇಡಿ, ಅವು ಚಿಕಿತ್ಸೆಯ ನಂತರದವು, ಚಿಕಿತ್ಸೆಯಿಂದಲೇ ಬದಲಾಗಿರಬಹುದು.

ಕಾರವಾರ_ಪಿಜಿ: 12ನೇ ವಾರ ಕೆಲವರು ಸಮುದ್ರದಲ್ಲೇ ಇರ್ತಾರಲ್ಲ ಸರ್?

ಅಘನಾಶಿನಿ: ಹಳೇ ರೀಡಿಂಗನ್ನೇ ತುಂಬಿಸಬೇಡಿ. ಬೋಟು ದಡಕ್ಕೆ ಬಂದಾಗ, 11ರಿಂದ 14ನೇ ವಾರದೊಳಗೆ ಅಳೆಯಿರಿ, ಎರಡೂ ಗುಂಪಿಗೆ ಒಂದೇ ನಿಯಮ. ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದಲ್ಲಿ ಎಲ್ಲರೂ ಸಿಗ್ತಾರೆ ಅಂದುಕೊಳ್ಳಬೇಡಿ, ಹೊರರಾಜ್ಯದವರು ಊರಿಗೆ ಹೋಗಿಬಿಡ್ತಾರೆ. ಫೋನ್ ನಂಬರ್ ಎರಡೆರಡು ಬರೆದಿಟ್ಟುಕೊಳ್ಳಿ, ಮನೆಯದ್ದೂ, ತಾಂಡೇಲನದ್ದೂ (ಬೋಟಿನ ಮುಖ್ಯಸ್ಥ).