ಹಗುರವಾದ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್: ದಾವಣಗೆರೆ–ದುರ್ಗ ಓಡಾಟಕ್ಕೆ ಯಾವುದು ಸರಿ?

ಕೇಳಿದ್ದು

ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ದಿನಾ ಬಸ್ಸು. ಹೋಗಿ ಬರುವಷ್ಟರಲ್ಲಿ ಇಂಜಿನ್ ಸದ್ದಿಗೇ ತಲೆ ಭಾರ ಆಗಿರುತ್ತದೆ. ಆಗಾಗ ರೈಲಿನಲ್ಲಿ ಬೆಂಗಳೂರಿಗೂ ಹೋಗುತ್ತೇನೆ. ಸಂಜೆ ಮನೆಯಲ್ಲಿ ಆನ್‌ಲೈನ್ ಕೋರ್ಸ್ ಕೇಳಬೇಕು, ಅದೇ ಹೊತ್ತಿಗೆ ಹಾಲಿನಲ್ಲಿ ಟಿವಿ. ತಂಗಿಯ ಹೆಡ್‌ಫೋನ್ ಹಾಕಿ ನೋಡಿದೆ, ಸ್ವಲ್ಪ ಹೊತ್ತಿಗೇ ನೆತ್ತಿ ನೋಯುತ್ತದೆ, ಅಷ್ಟು ಭಾರ. ಕನ್ನಡಕ ಬೇರೆ ಇದೆ. ಹತ್ತು ಸಾವಿರದ ಆಸುಪಾಸಿನಲ್ಲಿ ಹಗುರವಾದದ್ದು ಬಳಸಿದವರು ಇದ್ದರೆ ಹೇಳಿ. ಜಾಹೀರಾತಿನ ಮಾತು ಬೇಡ, ಬಳಸಿದ ಮೇಲೆ ಗೊತ್ತಾಗಿದ್ದು ಬೇಕು.

ಭರಮಸಾಗರಕ್ಕೆ ಓಡಾಡುವ ಮೇಷ್ಟ್ರು

ಮೇಡಂ, ನಾನೂ ಅದೇ ಹೈವೇಯವನು. ಮೊದಲು ಒಂದು ವಿಷಯ ತಿಳಿದುಕೊಂಡು ಆಮೇಲೆ ದುಡ್ಡು ಹಾಕಿ. ಇದು ಎಲ್ಲ ಸದ್ದನ್ನೂ ನಿಲ್ಲಿಸುವುದಿಲ್ಲ. ಹೊರಗಿನ ಸದ್ದನ್ನು ಪುಟ್ಟ ಮೈಕುಗಳು ಹಿಡಿಯುತ್ತವೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಕಿವಿಗೆ ಬಿಡುತ್ತದೆ, ಎರಡೂ ಸೇರಿದಾಗ ಸದ್ದು ತಗ್ಗುತ್ತದೆ. ಒಂದೇ ಸಮ ಬರುವ ತಗ್ಗು ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ. ಇಂಜಿನ್ನು, ಟೈರಿನ ಗುಂಯ್ ಅನ್ನುವ ಸದ್ದು, ಫ್ಯಾನು, ಎಸಿ, ರೈಲಿನ ಬೋಗಿಯ ಮೊರೆತ. ಹಾರ್ನು, ಕಂಡಕ್ಟರ್ ಸೀಟಿ, ಮಗುವಿನ ಅಳು, ಹಿಂದಿನ ಸೀಟಿನವರ ಫೋನ್ ಮಾತು, ಇವೆಲ್ಲ ಕೇಳುತ್ತವೆ. ಸ್ವಲ್ಪ ಕಡಿಮೆಯಾಗುತ್ತವೆ, ಅದೂ ಹೆಚ್ಚಾಗಿ ಕಿವಿ ಮುಚ್ಚುವ ಕುಶನ್‌ನಿಂದ.

ಹಾಗಾದರೆ ಏನು ಲಾಭ ಅಂತ ಕೇಳಬಹುದು. ಬಹಳ ಇದೆ. ಹಿಂದೆ ಆನಗೋಡು ದಾಟುವಷ್ಟರಲ್ಲಿ ವಾಲ್ಯೂಮ್ ಪೂರ್ತಿಗೆ ಹತ್ತಿರ ಹೋಗಿರುತ್ತಿತ್ತು, ಯಾಕೆಂದರೆ ಇಂಜಿನ್ ಸದ್ದಿನ ಮೇಲೆ ಹಾಡು ಕೇಳಬೇಕಲ್ಲ. ಈಗ ಅರ್ಧಕ್ಕಿಂತ ಕೆಳಗೇ ಸಾಕು. ಒಮ್ಮೊಮ್ಮೆ ಏನೂ ಹಾಕದೆ ಸುಮ್ನೆ ಆನ್ ಮಾಡಿ ಕೂರುತ್ತೇನೆ. ಶಾಲೆಗೆ ಹೋಗಿ ಇಳಿದಾಗ ತಲೆ ಹಗುರ ಇರುತ್ತದೆ, ಮೊದಲನೇ ಪೀರಿಯಡ್ಡೇ ಚೆನ್ನಾಗಿ ಆಗುತ್ತದೆ.

ನಾನು ಬಳಸುವುದು ಸೋನಿಯ ಡಬ್ಲ್ಯುಎಚ್-ಸಿಎಚ್720ಎನ್. ತೂಕ 192 ಗ್ರಾಂ. ಅದೇ ಕಂಪನಿಯ ದುಬಾರಿ ಎಕ್ಸ್‌ಎಂ5 ಸುಮಾರು 250 ಗ್ರಾಂ, ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ 380 ಗ್ರಾಂ ದಾಟುತ್ತದೆ. ಕಾಗದದ ಮೇಲೆ ಅರವತ್ತು ಗ್ರಾಂ ಏನು ಮಹಾ ಅನ್ನಿಸಬಹುದು, ನೆತ್ತಿಗೆ ಮಾತ್ರ ಅದು ಚೆನ್ನಾಗಿ ಗೊತ್ತಾಗುತ್ತದೆ. ಸದ್ದು ತಗ್ಗಿಸುವುದರಲ್ಲಿ ದುಬಾರಿಯದೇ ಮುಂದೆ, ಅದರಲ್ಲಿ ಸಂಶಯ ಇಲ್ಲ. ಆದರೆ ದಿನಾ ಹಾಕಬೇಕಾದ ವಸ್ತು ಅಂದ ಮೇಲೆ ತಲೆಯ ಮೇಲೆ ನಿಲ್ಲುವಂಥದ್ದೇ ಒಳ್ಳೆಯದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕ್ಯಾನ್ಸಲಿಂಗ್ ಆನ್ ಇದ್ದರೂ ಬ್ಯಾಟರಿ 35 ಗಂಟೆ ಅಂತ ಕಂಪನಿ ಹೇಳುತ್ತದೆ, ವಾರಕ್ಕೊಂದು ಚಾರ್ಜ್ ನನಗೆ ಧಾರಾಳ. ಮೈ ಪ್ಲಾಸ್ಟಿಕ್. ಪೂರ್ತಿ ಮಡಚಲು ಬರುವುದಿಲ್ಲ, ಕಪ್ಪುಗಳು ಚಪ್ಪಟೆಯಾಗಿ ತಿರುಗುತ್ತವೆ ಅಷ್ಟೇ. ಪೌಚ್ ಬೇರೆ ಕೊಳ್ಳಬೇಕು, ಟಿಫನ್ ಬಾಕ್ಸಿನ ಜೊತೆ ಬ್ಯಾಗಿಗೆ ಹಾಗೇ ತುರುಕಬೇಡಿ.

ದುರ್ಗದಿಂದ, ನಾನೂ ಕನ್ನಡಕದವಳೇ

ಕನ್ನಡಕದ ವಿಷಯ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡಕದ ಕಡ್ಡಿ ಕುಶನ್ ಮತ್ತು ತಲೆಯ ನಡುವೆ ಸಂದು ಮಾಡುತ್ತದೆ. ಆ ಸಂದಿನಿಂದಲೇ ತಗ್ಗು ಸದ್ದು ಒಳಗೆ ಬರುತ್ತದೆ, ಅಂದರೆ ನಾವು ಯಾವುದನ್ನು ತಡೆಯಲು ದುಡ್ಡು ಕೊಟ್ಟೆವೋ ಅದೇ. ದಪ್ಪ ಕಡ್ಡಿ ಇದ್ದರೆ ಇನ್ನೂ ಜಾಸ್ತಿ. ನಾನು ತೆಳು ಲೋಹದ ಕಡ್ಡಿಯ ಫ್ರೇಮ್‌ಗೆ ಬದಲಾದ ಮೇಲೆ ಅದೇ ಹೆಡ್‌ಫೋನ್ ಎಷ್ಟೋ ಚೆನ್ನಾಗಿ ಕೆಲಸ ಮಾಡುತ್ತಿದೆ. ಮೆತ್ತನೆ ಕುಶನ್ ಇರುವುದು ನೋಡಿ. ಕಿವಿಯ ಮೇಲೆ ಕೂರುವುದಲ್ಲ, ಕಿವಿಯನ್ನು ಪೂರ್ತಿ ಒಳಗೆ ತೆಗೆದುಕೊಳ್ಳುವಂಥದ್ದೇ ಬೇಕು.

ಜುಮುಕಿ ಹಾಕುವ ದಿನ ಕಷ್ಟ ಅಕ್ಕ, ಚಿಕ್ಕ ಓಲೆ ಆದರೆ ತೊಂದರೆ ಇಲ್ಲ. ತುರುಬು ಮೇಲೆ ಕಟ್ಟಿದರೆ ಪಟ್ಟಿ ಹಿಂದಕ್ಕೆ ಸರಿಯುತ್ತದೆ. ನಾನು ಬಸ್ಸಿಗೆ ಜಡೆಯಲ್ಲೇ ಹೋಗುತ್ತೇನೆ.

ಇನ್ನೊಂದು ನಮ್ಮೂರಿನದ್ದೇ ಸಮಸ್ಯೆ, ಗಾಳಿ. ಜೋಗಿಮಟ್ಟಿ ಕಡೆ ಆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಕಿಟಕಿ ತೆರೆದು ಕೂತರೆ ಗಾಳಿ ನೇರ ಹೊರಗಿನ ಮೈಕಿಗೆ ಬಡಿಯುತ್ತದೆ, ಹೆಡ್‌ಫೋನ್ ಅದನ್ನೇ ಸದ್ದು ಅಂದುಕೊಂಡು ಕಿವಿಯೊಳಗೆ ಬುರಬುರ ಅನ್ನಿಸುತ್ತದೆ. ಕೆಟ್ಟುಹೋಗಿದೆ ಅಂತ ಹೆದರಬೇಡಿ. ಗಾಜು ಎಳೆಯಿರಿ, ಇಲ್ಲವಾದರೆ ಒಳಬದಿಯ ಸೀಟು ಹಿಡಿಯಿರಿ. ಕೆಲವು ಕಂಪನಿಗಳ ಆ್ಯಪ್‌ನಲ್ಲಿ ಗಾಳಿ ಸದ್ದು ತಗ್ಗಿಸುವ ಆಯ್ಕೆ ಇರುತ್ತದೆ. ಅದೂ ಆಗದಿದ್ದರೆ ಅಷ್ಟು ಹೊತ್ತು ಕ್ಯಾನ್ಸಲಿಂಗ್ ಆಫ್ ಮಾಡಿ, ಕುಶನ್ನೇ ಸಾಕಷ್ಟು ತಡೆಯುತ್ತದೆ.

ದಾವಣಗೆರೆ, ಮಿಲ್ ಕಾರ್ಮಿಕರ ಮಗ

ವಾಲ್ಯೂಮ್ ಬಗ್ಗೆ ಮೇಷ್ಟ್ರು ಹೇಳಿದ್ದನ್ನು ಹಿಡಿದುಕೊಂಡು ನಾಲ್ಕು ಮಾತು. ನಮ್ಮ ಅಪ್ಪ ಇಲ್ಲಿನ ಕಾಟನ್ ಮಿಲ್ಲೊಂದರ ಮಗ್ಗದ ಖಾತೆಯಲ್ಲಿ ದುಡಿದವರು. ಆಗ ಕಿವಿಗೆ ಏನೂ ಕಟ್ಟಿಕೊಳ್ಳುತ್ತಿರಲಿಲ್ಲ. ಈಗ ಅವರಿಗೆ ಮಾತು ಕೇಳುತ್ತದೆ, ಅರ್ಥ ಆಗುವುದಿಲ್ಲ. ಜಾಸ್ತಿ ಸದ್ದಿನಿಂದ ಕಿವಿ ಹಾಳಾದರೆ ಮೊದಲು ಹೋಗುವುದು ಮೇಲಿನ ಸ್ಥಾಯಿ. ಸ, ಶ, ತ ಇಂಥ ಅಕ್ಷರಗಳು ಕಲಸಿಹೋಗುತ್ತವೆ. ಮೊಮ್ಮಗಳು ಏನೋ ಹೇಳಿದರೆ ನಮ್ಮ ಮುಖ ನೋಡುತ್ತಾರೆ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಹೀಗಿದೆ: 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ಬರೀ 4 ಗಂಟೆ. ನೋಡಿ, ಹತ್ತು ಡೆಸಿಬಲ್‌ಗೆ ಎಷ್ಟು ವ್ಯತ್ಯಾಸ! ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75. ಬಸ್ಸಿನ ಸದ್ದನ್ನು ಮೀರಿಸಲು ವಾಲ್ಯೂಮ್ ಏರಿಸುತ್ತಾ ಹೋದರೆ ದಿನದ ಓಡಾಟದಲ್ಲೇ ಈ ಮಿತಿ ದಾಟಿಬಿಡುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಈ ಹೆಡ್‌ಫೋನ್ ಶೋಕಿಯ ವಸ್ತು ಅಲ್ಲ. ಮಗಳು ಕಾಲೇಜಿಗೆ ಹರಿಹರಕ್ಕೆ ಹೋಗುತ್ತಾಳೆ, ಅವಳಿಗೆ ನಾನೇ ಕೊಡಿಸಿದೆ. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮ್‌ಗೆ ಮಿತಿ ಹಾಕಲು ಬರುತ್ತದೆ, ಅದನ್ನೂ ಮಾಡಿ ಕೊಟ್ಟಿದ್ದೇನೆ.

ಪರೀಕ್ಷೆಗೆ ಓದುತ್ತಿರುವವನು, ದಾವಣಗೆರೆ

ಅಕ್ಕ, ಬಾಕ್ಸ್ ಮೇಲೆ ಇಎನ್‌ಸಿ ಅಂತ ಇದ್ದರೆ ಅದು ಬೇರೆ, ಎಎನ್‌ಸಿ (ಅಂದರೆ ಮೇಲೆ ಮೇಷ್ಟ್ರು ಹೇಳಿದ ನಾಯ್ಸ್ ಕ್ಯಾನ್ಸಲಿಂಗ್) ಬೇರೆ. ಇಎನ್‌ಸಿ ಇದ್ದರೆ ಕರೆ ಮಾಡಿದಾಗ ಆ ಕಡೆಯವರಿಗೆ ನಿಮ್ಮ ದನಿ ಸ್ವಚ್ಛವಾಗಿ ಕೇಳುತ್ತದೆ. ನಿಮ್ಮ ಕಿವಿಗೆ ಅದರಿಂದ ಏನೂ ಆಗುವುದಿಲ್ಲ. ಒಂದೂವರೆ ಸಾವಿರದ ಇಯರ್‌ಬಡ್‌ಗಳ ಮೇಲೆ ದೊಡ್ಡದಾಗಿ ಬರೆದಿರುವುದು ಎಷ್ಟೋ ಸಲ ಇದೇ.

ಟಿವಿ ಮಾತು ಪೂರ್ತಿ ಹೋಗಲಿ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ನಾನು ಮಾಡುವುದು ಹೀಗೆ: ಎಎನ್‌ಸಿ ಆನ್ ಮಾಡಿ, ಜೊತೆಗೆ ಮಳೆ ಸದ್ದನ್ನು ಸಣ್ಣಗೆ ಹಾಕುತ್ತೇನೆ. ಮಾತು ಅದರಲ್ಲಿ ಕರಗಿಹೋಗುತ್ತದೆ. ಕೋರ್ಸ್ ಕೇಳುವುದಾದರೆ ಮೇಷ್ಟ್ರ ದನಿಯೇ ಸಾಕು. ಬೇಸಿಗೆಯಲ್ಲಿ ಮಾತ್ರ ಕಿವಿ ಬೆವರುತ್ತದೆ, ಏಪ್ರಿಲ್–ಮೇ ನಮ್ಮೂರು ಹೇಗಿರುತ್ತದೆ ಗೊತ್ತಲ್ಲ. ಆಗ ನಾನು ಸಿಲಿಕೋನ್ ತುದಿ ಇರುವ ಎಎನ್‌ಸಿ ಇಯರ್‌ಬಡ್‌ಗೆ ಹೋಗುತ್ತೇನೆ. ಕನ್ನಡಕಕ್ಕೂ ಅದು ಅಡ್ಡ ಬರುವುದಿಲ್ಲ. ಬೆವರು ಒರೆಸದೆ ಇಟ್ಟರೆ ಕುಶನ್ನಿನ ರೆಕ್ಸಿನ್ ಸಿಪ್ಪೆ ಏಳುತ್ತದೆ, ಒಣಬಟ್ಟೆಯಲ್ಲಿ ಒರೆಸಿಡಿ.

ವಿಮಾನ, ರೈಲು ಎರಡರಲ್ಲೂ ಓಡಾಡುವವನು

ಇದು ಹುಟ್ಟಿದ್ದೇ ವಿಮಾನಕ್ಕೆ. ಬೋಸ್ ಆಡಿಯೊ ಕಂಪನಿ ಕಟ್ಟಿದ, ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಮರಳುವಾಗ, ವಿಮಾನದ ಸದ್ದಿನಲ್ಲಿ ಹಾಡು ಸರಿಯಾಗಿ ಕೇಳದೆ ಅಲ್ಲೇ ಕೂತು ಇದರ ಲೆಕ್ಕ ಹಾಕಲು ಶುರು ಮಾಡಿದರು. 1986ರಲ್ಲಿ ವಾಯೇಜರ್ ವಿಮಾನ ಎಲ್ಲೂ ಇಳಿಯದೆ ಭೂಮಿ ಸುತ್ತಿತಲ್ಲ, ಅದರ ಪೈಲಟ್‌ಗಳು ಇಂಥ ಹೆಡ್‌ಸೆಟ್ಟನ್ನೇ ಹಾಕಿದ್ದರು. ಪ್ರೊಪೆಲ್ಲರ್ ಇರುವ ಎಟಿಆರ್ ವಿಮಾನ ಹತ್ತಿದರೆ ಆನ್ ಮಾಡಿದ ಕ್ಷಣ ವ್ಯತ್ಯಾಸ ಗೊತ್ತಾಗುತ್ತದೆ. ಜನಶತಾಬ್ದಿ, ವಂದೇ ಭಾರತ್ ಎಸಿ ಬೋಗಿಯಲ್ಲೂ ಚೆನ್ನ. ಆದರೆ ತಲೆ ವಾಲಿಸಿ ಮಲಗಲು ಇಯರ್‌ಬಡ್ಡೇ ಆರಾಮ.

ಕೆಲವರಿಗೆ ಆನ್ ಮಾಡಿದಾಗ ಕಿವಿ ಕಟ್ಟಿದ ಹಾಗೆ ಆಗುತ್ತದೆ. ನನ್ನ ಹೆಂಡತಿಗೆ ಹಾಗೇ, ಅವಳು ಬಳಸುವುದೇ ಇಲ್ಲ. ಕೊಳ್ಳುವ ಮೊದಲು ನೋಡಿಕೊಳ್ಳಿ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕನ್ನಡಕದ ವಿಷಯ ನನಗೆ ಗೊತ್ತೇ ಇರಲಿಲ್ಲ. ಒಂದೇ ಹೆದರಿಕೆ: ಇಳಿಯುವ ಸ್ಟಾಪ್ ಕೂಗಿದ್ದು ಕೇಳದಿದ್ದರೆ? ಮತ್ತೆ ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡುವುದು?

ಭರಮಸಾಗರದ ಮೇಷ್ಟ್ರು

ಕೂಗಿದ್ದು ಕೇಳುತ್ತದೆ ಮೇಡಂ, ಜೋರಾಗಿ ಹಾಡು ಹಾಕಿರದಿದ್ದರೆ. ಊರು ಹತ್ತಿರ ಬಂದಾಗ ಆ್ಯಂಬಿಯೆಂಟ್ ಮೋಡ್ ಒತ್ತಿ, ಹೊರಗಿನ ಮಾತನ್ನು ಅದೇ ಒಳಗೆ ತರುತ್ತದೆ. ಇಳಿದ ಮೇಲೆ ಕತ್ತಿಗೂ ಹಾಕಿಕೊಳ್ಳಬೇಡಿ, ಬ್ಯಾಗಿಗೆ ಹಾಕಿ. ಸರ್ವಿಸ್ ರಸ್ತೆ ದಾಟುವಾಗ ಹಿಂದಿನಿಂದ ಬರುವ ಬೈಕಿನ ಸದ್ದು ಕೇಳಲೇಬೇಕು. ಸ್ಕೂಟಿ ಓಡಿಸುವಾಗಂತೂ ಬೇಡವೇ ಬೇಡ.

ಅಂಗಡಿಗೆ ನಿಮ್ಮ ದಿನದ ಕನ್ನಡಕ, ದಿನದ ಜಡೆಯಲ್ಲೇ ಹೋಗಿ. ಹಾಡು ಹಾಕಬೇಡಿ. ಫ್ಯಾನ್ ಅಥವಾ ಎಸಿ ಹತ್ತಿರ ನಿಂತು ಆನ್, ಆಫ್ ಮಾಡಿ ಕೇಳಿ. ದವಡೆ ಆಡಿಸಿ, ತಲೆ ಬಗ್ಗಿಸಿ, ಸಂದು ಬಿಡುತ್ತದಾ ನೋಡಿ. ಅಂಗಡಿಯವರು ಅವಸರ ಮಾಡಿದರೂ ಹಾಕಿಕೊಂಡೇ ಹದಿನೈದು ಇಪ್ಪತ್ತು ನಿಮಿಷ ಓಡಾಡಿ, ನೆತ್ತಿ ನೋವು ಗೊತ್ತಾಗಲು ಅಷ್ಟು ಹೊತ್ತು ಬೇಕು. ಸರ್ವಿಸ್ ಸೆಂಟರ್ ಊರಲ್ಲೇ ಇದೆಯಾ, ಕುಶನ್ ಬಿಡಿಯಾಗಿ ಸಿಗುತ್ತದಾ ಕೇಳಿ. ಬಿಲ್ ಮೇಲೆ ಸೀರಿಯಲ್ ನಂಬರ್ ಬರೆಸಿಕೊಂಡು ಫೋಟೋ ತೆಗೆದಿಡಿ, ವಾರಂಟಿಗೆ ಬೇಕಾಗುತ್ತದೆ.